ಹನ್ನೆರಡನೆಯ ತುಂಡು

ಚನ್ನವೀರಯ್ಯನವರ ಕಾಲಿಗೆ ಒಂದು ಚಟವಿತ್ತು. ಎಲ್ಲಿ ನಡೆದರೂ ಅದು ತನ್ನ ಪಾಡಿಗೆ ತಾನು ಎಣಿಸುತ್ತಿತ್ತು. ತುಮಕೂರಿನ ಬಸ್ ಸ್ಟ್ಯಾಂಡಿನಿಂದ ಸರ್ವೆ ಕಚೇರಿಗೆ ಎಷ್ಟು ಹೆಜ್ಜೆ, ಗುಬ್ಬಿ ತಾಲ್ಲೂಕು ಆಫೀಸಿನ ಮೆಟ್ಟಿಲಿಂದ ಎದುರಿನ ಹೋಟೆಲಿಗೆ ಎಷ್ಟು ಹೆಜ್ಜೆ, ಮಗಳ ಮದುವೆಯ ದಿನ ಕುಣಿಗಲ್ಲಿನ ಛತ್ರದಲ್ಲಿ ಅಡುಗೆಮನೆಯಿಂದ ಮಂಟಪಕ್ಕೆ ಎಷ್ಟು, ಕೇಳಿದರೆ ಹೇಳಿಬಿಡುತ್ತಿದ್ದರು. ಹದಿಮೂರು ಹೆಜ್ಜೆಗೆ ಒಂದು ಸರಪಳಿ. ಒಂದು ಸರಪಳಿಗೆ ಮೂವತ್ತಮೂರು ಅಡಿ. ಇಪ್ಪತ್ತಾರು ವರ್ಷ ಸರ್ವೆಯರ್ ಆಗಿ ಸರಪಳಿಯ ಹಿಂದೆ ನಡೆದ ಕಾಲು ಇನ್ನು ಹೇಗಿದ್ದೀತು?

ಕೆಲಸದಲ್ಲಿ ಅವರದು ಎರಡೇ ನೇಮ. ಸರಪಳಿ ಎಳೆಯದೆ ಪುಸ್ತಕದಲ್ಲಿ ಅಂಕಿ ಬರೆಯಬಾರದು. ಇದ್ದಿಲು ಹಾಕದೆ ಗಡಿಕಲ್ಲು ನೆಡಬಾರದು. ಇದ್ದಿಲಿನ ಮರ್ಮ ಹಳ್ಳಿಯವರಿಗೂ ಗೊತ್ತು. ಕಲ್ಲಿನ ಕೆಳಗೆ ಒಂದು ಬೊಗಸೆ ಇದ್ದಿಲು ಹೂತಿಟ್ಟರೆ ನೂರು ವರ್ಷವಾದರೂ ಅದು ಕೊಳೆಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಯಾವನಾದರೂ ಕಲ್ಲು ಕಿತ್ತು ಪಕ್ಕದವನ ಹೊಲಕ್ಕೆ ಸರಿಸಿದರೆ ಅಗೆದು ನೋಡಬಹುದು. ಕೆಳಗೆ ಇದ್ದಿಲಿಲ್ಲದ ಕಲ್ಲು ಕಳ್ಳಕಲ್ಲು.

ಈ ಎರಡು ನೇಮಗಳಲ್ಲಿ ಮೊದಲನೆಯದನ್ನು ಅವರು ಒಂದೇ ಒಂದು ಸಲ ಮುರಿದರು. ಅದು ಎಪ್ಪತ್ತೊಂದನೆಯ ಇಸವಿಯಲ್ಲಿ, ಗೂಳಿಕಟ್ಟೆ ಕಾವಲಿನಲ್ಲಿ.

ಗೂಳಿಕಟ್ಟೆ ಕಾವಲು ಗುಬ್ಬಿ ತಾಲ್ಲೂಕಿನ ತೆಂಕಣ ತುದಿ. ಅಲ್ಲಿಂದಾಚೆ ಕುಣಿಗಲ್ ಕಡೆಯ ಸರ್ಕಾರಿ ಕಾಡು. ಹಿಂದೆ ದನ ಮೇಯುತ್ತಿದ್ದ ಬಯಲನ್ನು ತುಂಡು ಮಾಡಿ ಜಮೀನಿಲ್ಲದವರಿಗೆ ಕೊಡುವುದೆಂದು ಹುಕುಂ ಬಂದಿತ್ತು. ಚನ್ನವೀರಯ್ಯನವರು ಮೂರು ವಾರ ಟೆಂಟು ಹಾಕಿಕೊಂಡು ಅಳೆದರು. ಸರಪಳಿಯ ಮುಂದಿನ ತುದಿ ಹಿಡಿಯುತ್ತಿದ್ದವನು ಬೆಟ್ಟಯ್ಯ. ಪಕ್ಕದ ಹಳ್ಳಿಯವನು, ಮೂವತ್ತರ ಆಳು, ದಿನಗೂಲಿಗೆ ಬಂದವನು. ಓದು ಬರಹ ಬಾರದು. ಆದರೆ ಸರಪಳಿಯನ್ನು ಬಿಗಿಯಾಗಿ, ನೆಟ್ಟಗೆ, ಒಂದು ಗಂಟೂ ಬೀಳದ ಹಾಗೆ ಎಳೆಯುವುದರಲ್ಲಿ ಇಲಾಖೆಯ ಆಳುಗಳನ್ನು ಮೀರಿಸುತ್ತಿದ್ದ.

ಬಡಗಣ ತುದಿಯಲ್ಲಿ ಬಸವನಕಲ್ಲು ಅಂತ ಒಂದು ಹಳೆಯ ಕಲ್ಲು. ಅಲ್ಲಿಂದ ಅಳತೆ ಶುರು. ಅರವತ್ತು ಸರಪಳಿಯೊಳಗೆ ಹನ್ನೊಂದು ತುಂಡು ಆದವು. ಅಲ್ಲಿಗೆ ಒಂದು ದೊಡ್ಡ ಕೊರಕಲು ಹಳ್ಳ ಅಡ್ಡ ಬಂತು. ಒಳಗೆ ಕಾರೆಮುಳ್ಳು, ಲಂಟಾನ, ಸೂರ್ಯ ಕಾಣದ ಹಾಗೆ ಪೊದೆ. ಅಂದು ಕೊನೆಯ ದಿನ. ಮಾರನೆಯ ದಿನ ಕುಣಿಗಲ್ಲಿನಲ್ಲಿ ಮಗಳ ಮದುವೆಯ ಮಾತುಕತೆ, ಸಂಜೆ ಬಸ್ಸು ತಪ್ಪುವ ಹಾಗಿರಲಿಲ್ಲ.

"ಅಯ್ನೋರೆ, ಇದ್ರೊಳಕ್ಕೆ ಇಳೀಬೇಕಾ?" ಎಂದ ಬೆಟ್ಟಯ್ಯ. "ಕರಡಿ ಮರಿ ಹಾಕೈತಂತೆ. ಕುರಿಯೋರು ಹೇಳ್ತಿದ್ರು. ಇಳಿ ಅಂದ್ರೆ ಇಳೀತೀನಿ, ಆಮ್ಯಾಕೆ ನಮ್ಮೋಳ್ಗೆ ನೀವೇ ಸಮಾಧಾನ ಹೇಳ್ಬೇಕು."

ಚನ್ನವೀರಯ್ಯನವರು ಚೀಲದಿಂದ ಹಳೆಯ ನಕ್ಷೆ ತೆಗೆದು ಮೊಣಕಾಲ ಮೇಲೆ ಹರಡಿದರು. ನೂರು ವರ್ಷದ ಹಿಂದೆ ಯಾರೋ ಅಳೆದು ಬರೆದಿದ್ದ ನಕ್ಷೆ. ಅದರಲ್ಲಿ ಹಳ್ಳ ಆರು ಸರಪಳಿ ಅಗಲ ಇತ್ತು. ಬಸವನಕಲ್ಲಿನಿಂದ ತಾಲ್ಲೂಕಿನ ಗಡಿಗೆ ಎಪ್ಪತ್ತಾರು. ಅರವತ್ತು, ಆರು, ಉಳಿದದ್ದು ಹತ್ತು. ಆಚೆ ದಡದಲ್ಲಿ ಇನ್ನೊಂದು ತುಂಡಿಗೆ ಜಾಗ ಉಂಟು. ಹಳ್ಳದ ಮುಂದೆ 'ಆರು' ಅಂತ ಬರೆದುಕೊಂಡರು.

"ಸರ್ಕಾರದ ನಕ್ಷೆ ಸುಳ್ಳು ಹೇಳ್ತದೇನೋ? ನಡಿ, ಸುತ್ತಾಕ್ಕೊಂಡು ಹೋಗಾಣ."

ಗಾಡಿಜಾಡಿನಲ್ಲಿ ಎರಡು ಮೈಲಿ ಬಳಸಿ ಆಚೆ ದಡಕ್ಕೆ ಹೋದರು. ಪೊದೆ ಮುಗಿದ ಜಾಗದಿಂದ ಹೊಸದಾಗಿ ಸರಪಳಿ ಹಿಡಿದು ಹತ್ತು ಅಳೆದು, ನಾಲ್ಕು ಮೂಲೆಗೆ ನಾಲ್ಕು ಕಲ್ಲು ನೆಟ್ಟರು. ಆ ಅವಸರದಲ್ಲೂ ಇದ್ದಿಲು ಹಾಕುವುದನ್ನು ಮರೆಯಲಿಲ್ಲ. ಬೆಟ್ಟಯ್ಯನೇ ಚೀಲದಿಂದ ಬೊಗಸೆಯಲ್ಲಿ ಎತ್ತಿ ಹಾಕಿದ. ಹನ್ನೆರಡನೆಯ ತುಂಡು ಹಾಗೆ ಹುಟ್ಟಿತು.

ಎಪ್ಪತ್ಮೂರರಲ್ಲಿ ಚನ್ನವೀರಯ್ಯನವರು ನಿವೃತ್ತರಾದರು. ತುಮಕೂರಿನ ಬಾಡಿಗೆ ಮನೆಯಲ್ಲಿ ಕೂತು ಪಂಚಾಂಗ ನೋಡುವ ಜೀವ ಅದಲ್ಲ. ಊರೂರಿನ ಜಮೀನು ಅಳೆದವರಿಗೆ ಸ್ವಂತಕ್ಕೆ ಅಂಗೈಯಗಲ ಮಣ್ಣಿರಲಿಲ್ಲ. ಜಮೀನಿಲ್ಲದ ನಿವೃತ್ತ ನೌಕರ ಅಂತ ಅರ್ಜಿ ಹಾಕಿ, ತಾವೇ ಅಳೆದ ಕಾವಲಿನಲ್ಲಿ ನಾಲ್ಕು ಎಕರೆ ಮಂಜೂರು ಮಾಡಿಸಿಕೊಂಡರು. ಬೆಟ್ಟಯ್ಯನಿಗೂ ನಾಲ್ಕು ಎಕರೆ ಬಂತು. ಯಾರಿಗೆ ಯಾವ ತುಂಡು ಅಂತ ಚಾವಡಿಯಲ್ಲಿ ಚೀಟಿ ಎತ್ತಿದರು. ಬೆಟ್ಟಯ್ಯನಿಗೆ ಹನ್ನೊಂದು. ಚನ್ನವೀರಯ್ಯನವರಿಗೆ ಹನ್ನೆರಡು.

ಅವರ ಹೆಂಡತಿ ಶಿವರುದ್ರಮ್ಮ ಜಮೀನು ನೋಡಲು ಬಂದವರು ಹಳ್ಳದ ದಡದಲ್ಲೇ ನಿಂತುಬಿಟ್ಟರು.

"ಇದನ್ನ ದಾಟ್ಕೊಂಡು ನಾನು ಸಂಸಾರ ಮಾಡಲ್ಲ. ಮಳೆ ಬಂದ್ರೆ ಆಚೆ ಇದ್ದೋರು ಆಚೆ, ಈಚೆ ಇದ್ದೋರು ಈಚೆ. ನೀವು ಬೇಕಾದ್ರೆ ಹೋಗಿ ಕರಡಿ ಜೊತೆ ಇರಿ."

ಬೆಟ್ಟಯ್ಯ ನಕ್ಕ. "ಅಮ್ಮಾವ್ರು ಈ ಕಡೆ ಇರ್ಲಿ ಬುಡಿ ಅಯ್ನೋರೆ. ನನ್ನ ಹನ್ನೊಂದು ನೀವು ತಗಳಿ, ನಿಮ್ಮ ಹನ್ನೆರಡು ನಂಗೆ ಕೊಡಿ. ಅಮ್ಮಾವ್ರಿಗೆ ಕರಡಿ ಕಂಡ್ರೆ ಭಯ. ನಮ್ಮೋಳ್ನ ಕಂಡ್ರೆ ಕರಡಿಗೇ ಭಯ."

ಪಕ್ಕದಲ್ಲಿದ್ದ ಅವನ ಹೆಂಡತಿ ಹನುಮಂತಮ್ಮ, "ಇರೋ ಒಂದು ಕರಡೀನೇ ಸಾಕಾಗೈತೆ ನಂಗೆ," ಎಂದು ಗಂಡನ ಬೆನ್ನಿಗೆ ಗುದ್ದಿದಳು. ಎಲ್ಲರೂ ನಕ್ಕರು. ಗುಬ್ಬಿಗೆ ಹೋಗಿ ಕಾಗದ ಅದಲುಬದಲು ಮಾಡಿಸಿಕೊಂಡು, ಎದುರಿನ ಹೋಟೆಲಿನಲ್ಲಿ ದೋಸೆ ತಿಂದು ಬಂದರು.

ಹೊಸ ನೆಲದ ಬದುಕು ಸುಲಭದ್ದಲ್ಲ. ಬಂದರೆ ಎಂಬ ಕುರುಚಲು ಗಿಡ ಕಿತ್ತಷ್ಟೂ ಚಿಗುರುತ್ತಿತ್ತು. ಕಲ್ಲು ಆರಿಸಿದಷ್ಟೂ ಮೇಲೆ ಬರುತ್ತಿತ್ತು. ಚನ್ನವೀರಯ್ಯನವರು ಐವತ್ತಾರನೆಯ ವಯಸ್ಸಿನಲ್ಲಿ ನೇಗಿಲು ಹಿಡಿಯುವುದನ್ನು ಬೆಟ್ಟಯ್ಯನಿಂದ ಕಲಿತರು. "ಸರಪಳಿ ಎಳ್ಯಾಕೆ ನೀವು ನಂಗೆ ಕಲಿಸಿದ್ರಿ, ನೇಗ್ಲು ನಾನು ಕಲಿಸ್ತೀನಿ. ಬಡ್ಡಿ ಸಮೇತ ಚುಕ್ತ," ಎನ್ನುತ್ತಿದ್ದ. ಎರಡು ಮನೆಯ ಎತ್ತುಗಳನ್ನು ಜೋಡಿ ಕಟ್ಟಿ ಒಂದು ದಿನ ಈಚೆ, ಒಂದು ದಿನ ಆಚೆ ಉಳುತ್ತಿದ್ದರು. ಹನುಮಂತಮ್ಮ ಬೆಳಗ್ಗೆ ಹಳ್ಳ ಇಳಿದು ಹತ್ತಿ ಮಜ್ಜಿಗೆಗೆ ಬರುತ್ತಿದ್ದಳು. ಶಿವರುದ್ರಮ್ಮ ಒಂದು ದಿನವೂ ಆಚೆ ಹೋಗಲಿಲ್ಲ. ಅವರ ಮಾತು ಅಂದರೆ ಮಾತು.

ಐದು ವರ್ಷದಲ್ಲಿ ಕಾವಲಿನಲ್ಲಿ ಹನ್ನೆರಡು ಮನೆ ಎದ್ದವು. ಯಾರ ಬದುವಿನಲ್ಲಿ ತಕರಾರು ಬಂದರೂ ಚನ್ನವೀರಯ್ಯನವರಿಗೆ ಕರೆ ಬರುತ್ತಿತ್ತು. ಅವರು ಹೋಗಿ ನಿಂತು, ಹೆಜ್ಜೆ ಹಾಕಿ, ಇಲ್ಲಿ ಅಗೆಯಿರಿ ಅಂದರೆ ಅಲ್ಲಿ ಇದ್ದಿಲು ಸಿಗುತ್ತಿತ್ತು. ಜಗಳ ಅಲ್ಲಿಗೆ ಮುಗಿಯುತ್ತಿತ್ತು. ಆ ಮರ್ಯಾದೆಯ ರುಚಿ ಅವರಿಗೆ ಹತ್ತಿತ್ತು ಎಂದರೆ ಸುಳ್ಳಲ್ಲ.

ಎಪ್ಪತ್ತೊಂಬತ್ತರ ಬೇಸಗೆಯಲ್ಲಿ ಹಳ್ಳಕ್ಕೆ ಬೆಂಕಿ ಬಿತ್ತು. ಎರಡು ದಿನ ಉರಿದು ಪೊದೆಯೆಲ್ಲ ಬೂದಿಯಾಯಿತು. ಮೂರನೆಯ ದಿನ ಬೆಳಗ್ಗೆ ಚನ್ನವೀರಯ್ಯನವರ ಕರು ತಪ್ಪಿಸಿಕೊಂಡು ಹಳ್ಳಕ್ಕಿಳಿಯಿತು. ಅದನ್ನು ಹುಡುಕಿಕೊಂಡು ಅವರು ಈ ದಡದಿಂದ ನೆಟ್ಟಗೆ ಆ ದಡಕ್ಕೆ ನಡೆದರು. ಅದುವರೆಗೆ ಎಲ್ಲರೂ ಹೋಗುತ್ತಿದ್ದ ಕಾಲುದಾರಿ ಅಂಕುಡೊಂಕಾಗಿ ಇಳಿದು ಹತ್ತುತ್ತಿತ್ತು, ಅದರಲ್ಲಿ ಹೆಜ್ಜೆ ಎಣಿಸಿ ಪ್ರಯೋಜನವಿರಲಿಲ್ಲ. ಇಂದು ನೆಟ್ಟಗೆ ನಡೆದರು. ಕಾಲು ತನ್ನ ಪಾಡಿಗೆ ಎಣಿಸಿತು. ಆಚೆ ದಡದಲ್ಲಿ ಕರುವಿನ ಹಗ್ಗ ಹಿಡಿದಾಗ ನೂರ ಎಂಬತ್ತೈದು.

ಎಂಬತ್ತು ಹೆಜ್ಜೆ ಆಗಬೇಕಿತ್ತು.

ಕರು ತಂದು ಕಟ್ಟಿದರು. ಮನೆಯ ಅಟ್ಟದಲ್ಲಿ ಹಳೆಯ ಸರಪಳಿ ಇತ್ತು. ಅದನ್ನು ಹೆಗಲಿಗೆ ಹಾಕಿಕೊಂಡು ಒಬ್ಬರೇ ಹಳ್ಳಕ್ಕೆ ಹೋದರು. ಒಂದು ತುದಿಗೆ ಗೂಟ ಹೊಡೆದು, ಇನ್ನೊಂದು ತುದಿ ಎಳೆದು, ಮತ್ತೆ ಬಂದು ಗೂಟ ಕಿತ್ತು, ಬೂದಿಯಲ್ಲಿ ಮೊಣಕಾಲೂರಿ ಅಳೆದರು. ಹದಿನಾಲ್ಕು. ತಿರುಗಿ ಆಚೆಯಿಂದ ಈಚೆಗೆ ಅಳೆದರು. ಹದಿನಾಲ್ಕೇ.

ನೂರು ವರ್ಷದಲ್ಲಿ ಹಳ್ಳ ತಿಂದಿತ್ತು. ಒಂದೊಂದು ಮಳೆಗಾಲಕ್ಕೆ ಎರಡು ಮೂರು ಅಡಿ, ತೆಂಕಣ ದಡವನ್ನು ಕೆರೆದು ಕೆರೆದು ಎಂಟು ಸರಪಳಿ ನೆಲವನ್ನು ಕುಣಿಗಲ್ ಕಡೆಗೆ ಹೊತ್ತುಕೊಂಡು ಹೋಗಿತ್ತು. ನಕ್ಷೆ ಸುಳ್ಳು ಹೇಳಿರಲಿಲ್ಲ. ಅದು ಬರೆದ ದಿನ ಹಳ್ಳ ಆರೇ ಸರಪಳಿ ಇತ್ತು. ಇವರು ಹೋಗಿ ನೋಡಿರಲಿಲ್ಲ, ಅಷ್ಟೆ.

ಬೂದಿಯ ಮೇಲೆ ಕೂತು ಕೂಡಿದರು. ಅರವತ್ತು, ಹದಿನಾಲ್ಕು, ಎಪ್ಪತ್ನಾಲ್ಕು. ತಾಲ್ಲೂಕು ಮುಗಿಯುವುದು ಎಪ್ಪತ್ತಾರಕ್ಕೆ. ಬೆಟ್ಟಯ್ಯನಿಗೆ ನ್ಯಾಯವಾಗಿ ಇರುವುದು ದಡದ ಮೇಲಿನ ಎರಡು ಸರಪಳಿ ಅಗಲದ ಪಟ್ಟಿ. ಅವನ ಮನೆ, ಕಣ, ರಾಗಿಯ ಹೊಲ ಎಲ್ಲ ಕಾಡಿನಲ್ಲಿವೆ. ಹನ್ನೆರಡನೆಯ ತುಂಡು ಕಾಗದದ ಮೇಲೆ ಮಾತ್ರ ಇತ್ತು. ಮತ್ತು ಆ ತುಂಡು ಚೀಟಿಯಲ್ಲಿ ಬಂದದ್ದು ತಮಗೆ.

"ಮೈಯೆಲ್ಲ ಮಸಿ ಮಾಡ್ಕೊಂಡು ಎಲ್ಲಿಗೆ ಹೋಗಿದ್ರಿ?" ಎಂದು ಶಿವರುದ್ರಮ್ಮ ಕೇಳಿದರು.

"ಕರು ಹಳ್ಳಕ್ಕಿಳಿದಿತ್ತು."

"ಕರು ಆಗ್ಲೇ ಬಂತಲ್ಲ."

ಅವರು ಬಚ್ಚಲಿಗೆ ಹೋಗಿ ಬಹಳ ಹೊತ್ತು ಕಾಲು ತೊಳೆದರು.

ಹೇಳಬೇಕು ಅಂತ ಅಂದುಕೊಂಡರು. ನಾಳೆ ಹೇಳೋಣ. ಹೇಳಿದರೆ ಹನ್ನೊಂದು ಬಿಟ್ಟುಕೊಡಬೇಕು. ಹನ್ನೊಂದರಲ್ಲಿ ಅವರು ಕೈಯಾರೆ ಕಟ್ಟಿದ ಹೆಂಚಿನ ಮನೆ, ಎರಡಾಳು ಎತ್ತರ ಬಂದಿದ್ದ ತೆಂಗು, ಬಾಗಿಲ ಮುಂದಿನ ಹೊಂಗೆ. ಮುದಿ ವಯಸ್ಸಿನಲ್ಲಿ ಎಲ್ಲಿಗೆ ಹೋಗುವುದು? ಅದೂ ಅಲ್ಲದೆ, ಕಾವಲಿನ ಜನ ನಾಳೆಯಿಂದ ಯಾವ ಮುಖ ನೋಡಿ ಬದುವಿಗೆ ಕರೆಯುತ್ತಾರೆ? ಕಾಡಿನ ಇಲಾಖೆಯವರು ಎಂದಾದರೂ ಈ ಮೂಲೆಗೆ ಬಂದದ್ದುಂಟೆ? ಗಡಿಕಲ್ಲು ಕೂಡ ಕಾಣದ ಕಾಡು. ತಮ್ಮ ಕಾಲ, ಬೆಟ್ಟಯ್ಯನ ಕಾಲ ಹೀಗೇ ಕಳೆದುಹೋಗಬಹುದು. ಹೀಗೆ ಒಂದೊಂದೇ ಸಮಾಧಾನ ಹುಡುಕಿಕೊಂಡು ಹದಿನೈದು ದಿನ ಕಳೆದರು.

ಹದಿನಾರನೆಯ ದಿನ ಬೆಟ್ಟಯ್ಯ ಓಡುತ್ತ ಬಂದ. ಮುಖವೆಲ್ಲ ಹಲ್ಲು.

"ಅಯ್ನೋರೆ! ನೀರು ನೋಡೋನ್ನ ಕರ್ಸಿದ್ದೆ. ಹೊಂಗೆ ಕಡ್ಡಿ ಹಿಡ್ಕಂಡು ಹೊಲ ಎಲ್ಲ ಸುತ್ತುದ. ಮನೆ ಹಿಂದೆ ಬತ್ತಿದ್ದಂಗೆ ಕಡ್ಡಿ ಗಿರಗಿರ ತಿರುಗಿ ಬಿತ್ತು ನೋಡಿ. ನಲವತ್ತು ಅಡಿಗೆ ಸಿಕ್ತದೆ ಅಂದ. ತೋಡ್ಲಾ?"

ಚನ್ನವೀರಯ್ಯನವರು ಜಗುಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು. ಕೈ ನಿಂತಿತು.

"ನನ್ನೇನು ಕೇಳ್ತೀಯ ಬೆಟ್ಟಯ್ಯ, ನಿನ್ನ ಜಮೀನು."

"ನಿಮ್ಮ ಬಾಯಲ್ಲಿ ಒಂದು ಮಾತು ಬರ್ಲಿ ಅಂತ. ನೆಲದ ವಿಚಾರದಾಗೆ ನಿಮ್ಮ ಮಾತು ಬುಟ್ರೆ ನಂಗೆ ಯಾರದು ಐತೆ?"

ಹೊಂಗೆ ಮರದಲ್ಲಿ ಅಳಿಲೊಂದು ಒಂದೇ ಸಮ ಕೂಗುತ್ತಿತ್ತು. ಬೆಟ್ಟಯ್ಯ ಕಾಯುತ್ತಿದ್ದ.

"ತೋಡು," ಎಂದರು ಚನ್ನವೀರಯ್ಯನವರು.

ಐದು ಬೇಸಗೆ ತೋಡಿದರು. ಗಂಡ ಗಡಾರಿ ಹಿಡಿದರೆ ಹೆಂಡತಿ ಮಂಕರಿಯಲ್ಲಿ ಮಣ್ಣು ಹೊತ್ತಳು. ಇಪ್ಪತ್ತಡಿಗೆ ಬಂಡೆ ಬಂತು, ಮದ್ದು ಹಾಕಿಸಿ ಒಡೆದರು. ಚನ್ನವೀರಯ್ಯನವರು ದಿನವೂ ಹಳ್ಳ ದಾಟಿ ಹೋಗಿ ತಾವೂ ಮಂಕರಿ ಎತ್ತುತ್ತಿದ್ದರು. ಬೇಡವೆಂದರೂ ಕೇಳುತ್ತಿರಲಿಲ್ಲ. "ಅಯ್ನೋರ್ನ ನೋಡಿ, ಸ್ವಂತ ಬಾವೀಗೂ ಹಿಂಗೆ ದುಡೀಲಿಲ್ಲ," ಎಂದು ಬೆಟ್ಟಯ್ಯ ಬಂದವರಿಗೆಲ್ಲ ಹೇಳಿಕೊಂಡ. ಅದನ್ನು ಕೇಳಿದ ದಿನ ಚನ್ನವೀರಯ್ಯನವರು ಅರ್ಧ ಮುದ್ದೆಗೇ ಕೈ ತೊಳೆಯುತ್ತಿದ್ದರು. ಎಂಬತ್ತನಾಲ್ಕರ ಶಿವರಾತ್ರಿಯ ಹೊತ್ತಿಗೆ ನಲವತ್ತೆರಡು ಅಡಿಗೆ ನೀರು ಬಂತು. ಸಿಹಿನೀರು. ಹನುಮಂತಮ್ಮ ಮೊದಲ ಬಿಂದಿಗೆಯನ್ನು ತಲೆಯ ಮೇಲಿಟ್ಟುಕೊಂಡು, ಹಳ್ಳ ಇಳಿದು ಹತ್ತಿ, ಶಿವರುದ್ರಮ್ಮನಿಗೆ ತಂದುಕೊಟ್ಟಳು. ಬೆಟ್ಟಯ್ಯ ಆ ತಿಂಗಳೇ ಅರವತ್ತು ತೆಂಗಿನ ಸಸಿ ನೆಟ್ಟ.

ಅದೇ ವರ್ಷ ಕಾಡಿನ ಅಂಚಿಗೆಲ್ಲ ನೀಲಗಿರಿ ನೆಡಬೇಕೆಂದು ಹೊಸ ಯೋಜನೆ ಬಂತು. ನೆಡುವ ಮೊದಲು ಗಡಿ ಗೊತ್ತಾಗಬೇಕಲ್ಲ? ಆಷಾಢದಲ್ಲಿ ಕಾವಲಿಗೆ ನೋಟೀಸು, ಅದರ ಹಿಂದೆ ಜೀಪು. ಜೀಪಿನಿಂದ ಇಳಿದವನು ಸರ್ವೆಯರ್ ಮಹಾದೇವಯ್ಯ. ಹಿಂದೆ ಚನ್ನವೀರಯ್ಯನವರ ಕೈಕೆಳಗೆ ಕೆಲಸ ಕಲಿತವನು. ಬಂದವನೇ ಕಾಲಿಗೆ ನಮಸ್ಕಾರ ಮಾಡಿದ. ಕಂಕುಳಲ್ಲಿ ಎಪ್ಪತ್ತೊಂದರ ಅಳತೆಯ ಪುಸ್ತಕವಿತ್ತು.

"ನಿಮ್ಮ ಅಕ್ಷರ ನೋಡಿದ್ ತಕ್ಷಣ ಗುರುತು ಸಿಕ್ತು ಸಾರ್. ಮುತ್ತು ಪೋಣಿಸಿದಂಗೆ. ನಮ್ಮ ಕೆಲಸ ಅರ್ಧ ಕಮ್ಮಿ ಆಯ್ತು ಅಂದ್ಕೊಂಡೆ."

ಬಸವನಕಲ್ಲಿನಿಂದ ಸರಪಳಿ ಹೊರಟಿತು. ಕಾವಲಿನ ಜನವೆಲ್ಲ ಹಿಂದೆ ಹೊರಟರು. ಹನ್ನೊಂದು ತುಂಡು ಪುಸ್ತಕದಲ್ಲಿದ್ದ ಹಾಗೇ ಕೂತವು, ಒಂದು ಗೇಣು ಹೆಚ್ಚಿಲ್ಲ ಕಡಿಮೆಯಿಲ್ಲ. "ನಮ್ಮ ಅಯ್ನೋರು ಅಂದ್ರೇನು!" ಎಂದು ಬೆಟ್ಟಯ್ಯ ಎದೆ ಉಬ್ಬಿಸಿದ. ಸರಪಳಿ ಹಳ್ಳಕ್ಕಿಳಿಯಿತು. ಆರಕ್ಕೆ ದಡ ಬರಲಿಲ್ಲ. ಎಂಟಕ್ಕೆ ಬರಲಿಲ್ಲ. ಮಹಾದೇವಯ್ಯ ಪುಸ್ತಕ ನೋಡಿದ, ಹಿಂದೆ ತಿರುಗಿ ಚನ್ನವೀರಯ್ಯನವರ ಮುಖ ನೋಡಿದ. ಹದಿನಾಲ್ಕಕ್ಕೆ ದಡ ಹತ್ತಿದರು. ಎಪ್ಪತ್ತೈದು. ಎಪ್ಪತ್ತಾರು. ಅಲ್ಲಿ ಗೂಟ ಹೊಡೆದರು. ಬೆಟ್ಟಯ್ಯನ ಹೊಸ ಸಸಿಗಳ ಮೊದಲನೇ ಸಾಲಿಗಿಂತ ಈಚೆಗೇ ಬಿತ್ತು ಗೂಟ.

"ಇಲ್ಲಿಗೆ ಗುಬ್ಬಿ ಮುಗೀತು," ಎಂದ ಮಹಾದೇವಯ್ಯ ಮೆಲ್ಲಗೆ.

ಬೆಟ್ಟಯ್ಯನಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಅವನು ಕೂಗಾಡಲಿಲ್ಲ. ಗುದ್ದಲಿ ತಂದು ಸರಸರ ತನ್ನ ಮೂಲೆಗಲ್ಲಿನ ಬುಡ ಅಗೆದ. ಮಣ್ಣಿನೊಳಗಿಂದ ಕರ್ರಗಿನ ತುಂಡುಗಳನ್ನು ಬೊಗಸೆಯಲ್ಲಿ ಎತ್ತಿಕೊಂಡು ಬಂದ.

"ನೋಡಿ ಸಾಮಿ, ಇದ್ಲು! ನಾನೇ ಹಾಕಿದ್ದು, ಈ ಕೈಯಾಗೆ. ಕಲ್ಲು ಒಂದು ಕೂದ್ಲಷ್ಟು ಕದ್ಲಿಲ್ಲ!"

"ಕದಲಿಲ್ಲ ಬೆಟ್ಟಯ್ಯ. ಇದ್ದಿಲು ಅಷ್ಟೇ ಹೇಳೋದು. ನೆಟ್ಟ ಜಾಗ ಸರೀನಾ ಅಂತ ಅದು ಹೇಳಲ್ಲ."

"ಅಯ್ನೋರೆ, ನೀವು ಹೇಳಿ ಇವ್ರಿಗೆ."

ಎಲ್ಲರೂ ಚನ್ನವೀರಯ್ಯನವರ ಕಡೆ ತಿರುಗಿದರು. ಅವರು ಬೆಟ್ಟಯ್ಯನ ಬೊಗಸೆಯನ್ನೇ ನೋಡುತ್ತಿದ್ದರು. ಹದಿಮೂರು ವರ್ಷವಾದರೂ ಇದ್ದಿಲು ಹೊಳೆಯುತ್ತಿತ್ತು.

ಮನೆಗೆ ಬಂದಾಗ ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ಶಿವರುದ್ರಮ್ಮ ಒಲೆಯ ಮುಂದಿನಿಂದ ಏಳಲಿಲ್ಲ.

"ನಿಮಗೆ ಗೊತ್ತಿತ್ತಾ?"

ಅವರು ಕಂಬಕ್ಕೆ ಒರಗಿ ಕೂತರು.

"ಅವತ್ತು ಮಸಿ ಮೆತ್ಕೊಂಡು ಬಂದ್ರಲ್ಲ, ಆವತ್ತಿಂದ ನೀವು ಸರಿಯಾಗಿ ಊಟ ಮಾಡಿಲ್ಲ. ವಯಸ್ಸಾಯ್ತು ಅಂದ್ಕೊಂಡಿದ್ದೆ." ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆದರು. "ಆ ಹೆಣ್ಣು ಆರು ತಿಂಗಳ ಬಸುರಿ ಮಣ್ಣು ಹೊತ್ತಳು. ಕಳ್ಕೊಂಡಳು. ಜ್ಞಾಪಕ ಇದೆಯಾ ನಿಮಗೆ?"

ಜ್ಞಾಪಕವಿತ್ತು.

"ಏಳಿ. ಹನ್ನೊಂದು ಅವರದೇ. ಕೊಟ್ಟು ಬರೋಣ."

"ನಾವು ಎಲ್ಲಿಗೆ ಹೋಗೋದು?"

"ಅದು ಆಮೇಲಿನ ಮಾತು. ಮೊದಲು ಏಳಿ."

ಹತ್ತು ವರ್ಷದಲ್ಲಿ ಮೊದಲ ಸಲ ಶಿವರುದ್ರಮ್ಮ ಹಳ್ಳಕ್ಕಿಳಿದರು. ಮೂರು ಕಡೆ ಜಾರಿದರು. ಗಂಡ ಕೈ ಕೊಡಲು ಹೋದರೆ ಹಿಡಿಯಲಿಲ್ಲ, ಬೇರು ಹಿಡಿದು ಹತ್ತಿದರು.

ಬೆಟ್ಟಯ್ಯ ಬಾವಿಯ ಕಟ್ಟೆಯ ಮೇಲೆ ಕೂತಿದ್ದ. ಹನುಮಂತಮ್ಮ ಸಸಿಗಳಿಗೆ ನೀರು ಹಾಕುತ್ತಿದ್ದಳು. ಇವತ್ತೂ ಹಾಕುತ್ತಿದ್ದಳು. ಶಿವರುದ್ರಮ್ಮನನ್ನು ಕಂಡು ಬಿಂದಿಗೆ ಇಳಿಸಿ ನಿಂತಳು.

"ಬೆಟ್ಟಯ್ಯ," ಎಂದರು ಚನ್ನವೀರಯ್ಯನವರು. "ಹನ್ನೊಂದು ನಿಂದೇ. ಚೀಟಿಯಲ್ಲಿ ನಿನಗೇ ಬಂದಿದ್ದು. ಮನೆ, ಮರ ಎಲ್ಲಾ ಸೇರಿಸಿ ತಗೋ. ನಾಳೆ ಗುಬ್ಬಿಗೆ ಹೋಗಿ ಬರೆದುಕೊಡ್ತೀನಿ. ಅವತ್ತು ನಾನು ಹಳ್ಳದಲ್ಲಿ ಸರಪಳಿ ಎಳೆಸಲಿಲ್ಲ. ಎಳೆಸದೆ ಬರೆದೆ."

"ನಂಗೊತ್ತಿಲ್ವಾ ಅದು?" ಬೆಟ್ಟಯ್ಯ ತಲೆಯೆತ್ತಿದ. "ಸರಪಳಿ ತುದಿ ನನ್ನ ಕೈಯಾಗೇ ಇತ್ತಲ್ಲ. ಎಳೀಲಿಲ್ಲ ಅಂತ ನಂಗೂ ಗೊತ್ತಿತ್ತು. ಆದ್ರೆ ನೀವು ಬರೆದ್ರಿ. ಬರೆದ ಮ್ಯಾಕೆ ಸರಿ ಇರ್ತದೆ ಅಂದ್ಕಂಡೆ. ದಿನಾ ಈ ಹಳ್ಳ ಇಳೀತಿದ್ದೆ, ಹತ್ತುತಿದ್ದೆ. ಇಷ್ಟು ಅಗ್ಲ ಐತಲ್ಲ ಅಂತ ಕಾಲಿಗೆ ತಿಳೀತಿತ್ತು. ಅಯ್ನೋರು ಆರು ಅಂದವ್ರೆ, ಆರೇ ಇರ್ಬೇಕು, ನನ್ ಕಾಲೇ ಸುಳ್ಳು ಅಂದ್ಕಂಡೆ." ಆಮೇಲೆ ಸಹಜವಾಗಿಯೇ ಕೇಳಿದ. "ಹದಿನಾಲ್ಕು ಅಂತ ನಿಮಗೆ ಯಾವಾಗ ತಿಳೀತು?"

ಬೆಳಗ್ಗೆ ನಿನ್ನ ಜೊತೆಯಲ್ಲೇ, ಎನ್ನಬಹುದಿತ್ತು. ಬೆಟ್ಟಯ್ಯ ನಂಬುತ್ತಿದ್ದ. ಅವನು ಇವರ ಮಾತನ್ನು ನಂಬದೆ ಇದ್ದ ದಿನವೇ ಇರಲಿಲ್ಲ. ಶಿವರುದ್ರಮ್ಮ ನೆಲ ನೋಡುತ್ತಿದ್ದರು, ಸಹಾಯಕ್ಕೆ ಬರಲಿಲ್ಲ.

"ಹಳ್ಳಕ್ಕೆ ಬೆಂಕಿ ಬಿತ್ತಲ್ಲ," ಎಂದರು ಚನ್ನವೀರಯ್ಯನವರು. "ಆವಾಗ."

ಬೆಟ್ಟಯ್ಯ ಲೆಕ್ಕ ಹಾಕಿದ. ಓದು ಬಾರದವನು, ಬೆರಳು ಮಡಿಸಿದ. ಬೆಂಕಿ ಬಿದ್ದದ್ದು ಯುಗಾದಿಗೆ ಮುಂಚೆ. ನೀರು ನೋಡುವವನು ಬಂದದ್ದು ಯುಗಾದಿ ಆದ ಮೇಲೆ. ಬೆರಳುಗಳು ಅಲ್ಲಿಗೆ ನಿಂತವು. ಅವನು ಬಾವಿಯೊಳಕ್ಕೆ ನೋಡಿದ. ಮತ್ತೆ ಚನ್ನವೀರಯ್ಯನವರ ಕಡೆ ನೋಡಲೇ ಇಲ್ಲ.

ಬಾಯಿ ಬಿಟ್ಟವಳು ಹನುಮಂತಮ್ಮ. ಕೂಗಲಿಲ್ಲ, ಅಳಲಿಲ್ಲ.

"ಐದು ಬ್ಯಾಸ್ಗೆ. ದಿನಾ ಬಂದು ಮಂಕರಿ ಎತ್ತುತಿದ್ರಿ. ನಾನು ಮನೇಲಿ ಹೇಳ್ತಿದ್ದೆ, ಹುಟ್ಟಿಸಿದಪ್ಪನೂ ಹಿಂಗೆ ಬರಾಕಿಲ್ಲ ಅಂತ." ಶಿವರುದ್ರಮ್ಮನ ಕಡೆ ತಿರುಗಿದಳು. "ಅಮ್ಮಾವ್ರೆ, ನೀವು ಬಂದಿದ್ದು ಇವತ್ತು. ನೀರು ಕುಡೀತೀರಾ?"

ಶಿವರುದ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಹನ್ನೊಂದು ತಗೋ ಬೆಟ್ಟಯ್ಯ," ಎಂದರು ಚನ್ನವೀರಯ್ಯನವರು ಮತ್ತೆ. "ಬೇಡ ಅನ್ಬೇಡ."

"ಬ್ಯಾಡ." ಬೆಟ್ಟಯ್ಯ ಕಟ್ಟೆಯಿಂದ ಇಳಿದ. "ನೀವು ಅಳೆದ ನೆಲದ ಮ್ಯಾಲೆ ನಂಗೆ ಇನ್ನು ನಿದ್ದೆ ಬರಾಕಿಲ್ಲ. ಅದೂ ಎಲ್ಲಿಗೆ ಸೇರಿದ್ದೋ ಅನ್ನಿಸ್ತದೆ. ಹೋಗಿ, ಮಳೆ ಬರಂಗೈತೆ. ಅಮ್ಮಾವ್ರು ಜಾರ್ತಾರೆ."

ಅಯ್ನೋರೆ ಎನ್ನಲಿಲ್ಲ. ಬೆಂಕಿಯ ಮಾತು ಕೇಳಿದ ಮೇಲೆ ಒಮ್ಮೆಯೂ ಎನ್ನಲಿಲ್ಲ ಎಂಬುದು ಚನ್ನವೀರಯ್ಯನವರಿಗೆ ಹಳ್ಳದ ನಡುವೆ ಬಂದಾಗ ಹೊಳೆಯಿತು.

ಅವರು ಸುಮ್ಮನೆ ಕೂರಲಿಲ್ಲ. ಎರಡು ಹಾಳೆ ತುಂಬ ತಮ್ಮ ತಪ್ಪನ್ನು ಬರೆದುಕೊಂಡು ಗುಬ್ಬಿಗೆ ಹೋದರು. ಮಹಾದೇವಯ್ಯ ಓದಿ, ಮಡಿಸಿ, ಅವರ ಜುಬ್ಬದ ಜೇಬಿಗೆ ತಾನೇ ಹಾಕಿದ.

"ಇದನ್ನ ಒಳಗೆ ಕೊಡಬೇಡಿ ಸಾರ್. ಕೊಟ್ರೆ ಎಪ್ಪತ್ತೊಂದರ ಅಳತೆಯೆಲ್ಲ ಅನುಮಾನ ಅಂತಾರೆ. ಹನ್ನೊಂದು ಮನೆಯವರೂ ತುಮಕೂರಿಗೆ ಅಲೀಬೇಕು. ನಿಮಗೆ ವಯಸ್ಸಾಯ್ತು ಅಂತ ಶಿಕ್ಷೇನೂ ಕೊಡಲ್ಲ. ಬೆಟ್ಟಯ್ಯಂಗೆ ಒಂದು ಹಿಡಿ ಮಣ್ಣೂ ವಾಪಸ್ ಬರಲ್ಲ. ಕಾಡು ಕಾಡೇ."

ಚನ್ನವೀರಯ್ಯನವರು ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಬಂದರು. ತಪ್ಪೊಪ್ಪಿಕೊಂಡು ಹಗುರಾಗುವ ದಾರಿಯೂ ಅಲ್ಲಿಗೆ ಮುಚ್ಚಿತು.

ಗೌರಿಹಬ್ಬಕ್ಕೆ ಮುಂಚೆ ಬೆಟ್ಟಯ್ಯ ಹೊರಟ. ತುಮಕೂರಿನ ಸತ್ಯಮಂಗಲದಲ್ಲಿ ಅವನ ಭಾಮೈದ ಒಂದು ಸಣ್ಣ ಕಾರ್ಖಾನೆಯಲ್ಲಿದ್ದ. ಅಲ್ಲಿ ಕಾವಲುಗಾರನ ಕೆಲಸ ಕೊಡಿಸಿದನಂತೆ. ಗಾಡಿ ಹಳ್ಳದ ಕಡೆಯಿಂದ ಬರಲಿಲ್ಲ. ಎರಡು ಮೈಲಿ ಸುತ್ತುವ ಹಳೆಯ ಗಾಡಿಜಾಡಿನಲ್ಲಿ ಹೋಯಿತು, ಹನ್ನೊಂದನೆಯ ತುಂಡನ್ನು ಮುಟ್ಟದ ಹಾಗೆ. ಹನುಮಂತಮ್ಮ ಅಂದೂ ಬೆಳಗ್ಗೆ ಅರವತ್ತು ಸಸಿಗೂ ನೀರು ಹಾಕಿ ಹೊರಟಳಂತೆ. ಕಾಡಿನವರು ತೆಂಗು ಕಿತ್ತು ನೀಲಗಿರಿ ನೆಟ್ಟರು. ನೀಲಗಿರಿಗೆ ಬಾವಿಯ ನೀರು ಬಹಳ ಅನುಕೂಲವಾಯಿತು.

ಕಾವಲಿನವರು ಚನ್ನವೀರಯ್ಯನವರನ್ನು ಏನೂ ಅನ್ನಲಿಲ್ಲ. ಬದುವಿನ ತಕರಾರಿಗೆ ಕರೆಯುವುದನ್ನು ಮಾತ್ರ ಬಿಟ್ಟರು. ಶಿವರುದ್ರಮ್ಮ ಮೊದಲಿನ ಹಾಗೇ ಅಡುಗೆ ಮಾಡಿದರು, ಬಡಿಸಿದರು. ಮಜ್ಜಿಗೆ ಕಡೆದು, ಕೇಳುವವರಿಲ್ಲದೆ ಎಮ್ಮೆಯ ಬಾನಿಗೆ ಸುರಿದರು. ಗಂಡನ ಜೊತೆ ಬೇಕಾದಷ್ಟು ಮಾತ್ರ ಮಾತಾಡಿದರು.

ಎರಡು ವರ್ಷ ಕಳೆದು, ಪೆನ್ಷನ್ನಿನ ಕೆಲಸಕ್ಕೆಂದು ತುಮಕೂರಿಗೆ ಹೋದ ದಿನ ಚನ್ನವೀರಯ್ಯನವರು ಸತ್ಯಮಂಗಲದ ಕಡೆ ಹೊರಟರು. ಕೇಳುತ್ತ ಕೇಳುತ್ತ ಕಾರ್ಖಾನೆ ಸಿಕ್ಕಿತು. ಎತ್ತರದ ಕಾಂಪೌಂಡು, ಕಬ್ಬಿಣದ ಗೇಟು. ಗೇಟಿನ ಪಕ್ಕದ ಸ್ಟೂಲಿನ ಮೇಲೆ ಖಾಕಿ ಅಂಗಿ ಹಾಕಿಕೊಂಡು ಬೆಟ್ಟಯ್ಯ ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಇವರನ್ನು ನೋಡಿದ. ಎದ್ದು ನಿಂತು ಅಂಗಿ ನೆಟ್ಟಗೆ ಮಾಡಿಕೊಂಡ.

"ಯಾರ್ನ ನೋಡ್ಬೇಕಿತ್ತು?" ಎಂದ.

ದನಿಯಲ್ಲಿ ಸಿಟ್ಟಿರಲಿಲ್ಲ. ಬಂದವರನ್ನೆಲ್ಲ ಹಾಗೆಯೇ ಕೇಳುತ್ತಿದ್ದನೇನೋ. ಚನ್ನವೀರಯ್ಯನವರು ಗೇಟಿನ ಕಂಬಿ ಹಿಡಿದು ನಿಂತರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದರು.

"ಯಾರೂ ಇಲ್ಲ," ಎಂದರು.

"ಹಂಗಾರೆ ಪಕ್ಕಕ್ಕೆ ಬನ್ನಿ. ಲಾರಿ ಬತ್ತದೆ."

ಅವರು ಪಕ್ಕಕ್ಕೆ ಬಂದರು. ಲಾರಿ ಒಳಗೆ ಹೋಯಿತು, ಗೇಟು ಮುಚ್ಚಿತು. ಬಸ್ಸಿನ ನಿಲ್ದಾಣದ ಕಡೆ ತಿರುಗಿ ನಡೆದರು. ಬೇಡವೆಂದರೂ ಕಾಲು ಎಣಿಸುತ್ತಲೇ ಇತ್ತು. ಗೇಟಿನಿಂದ ನಿಲ್ದಾಣಕ್ಕೆ ನೂರ ಎಪ್ಪತ್ತು ಹೆಜ್ಜೆ, ಹದಿಮೂರು ಸರಪಳಿ. ಬಸ್ಸು ಬರುವುದಕ್ಕೆ ಇನ್ನೂ ಬಹಳ ಹೊತ್ತಿತ್ತು.